ದೀಪವಲ್ಲ, ಕೂರಿಗೆ ಬಟ್ಟಲು

ಶೆಟ್ಟಿಹಳ್ಳಿ, ತುಮಕೂರು
೨೩ ಆಗಸ್ಟ್ ೨೦೨೫

ಪ್ರೀತಿಯ ಅರ್ಜೂ,

ಕುಣಿಗಲ್ಲಿನ ಹೊಸ ಶಾಲೆ ಒಗ್ಗಿತೇ? ಅಮ್ಮಿಯ ಮಂಡಿನೋವು ಹೇಗಿದೆ? ನೀನು ಕಳಿಸಿದ ಮ್ಯೂಸಿಯಂ ಲಿಂಕಿನ ಪಾಠ ಏನಾಯಿತೆಂದು ಮೂರು ಸಲ ಮೆಸೇಜ್ ಮಾಡಿದ್ದೀಯ. ಫೋನಿನಲ್ಲಿ ಹೇಳಿದರೆ ಅರ್ಧಕ್ಕೇ ನಕ್ಕುಬಿಡುತ್ತೀಯ, ಅದಕ್ಕೇ ಈ ಕಾಗದ.

ನಾಳೆ ಮ್ಯೂಸಿಯಂಗೆ ಹೋಗೋಣ ಎಂದು ಆರನೇ ತರಗತಿಗೆ ಹೇಳಿದ್ದೇ ತಪ್ಪಾಯಿತು. ಮರುದಿನ ಅರ್ಧ ಕ್ಲಾಸು ಕಲರ್ ಡ್ರೆಸ್ಸಿನಲ್ಲಿ, ಚಿತ್ರಾನ್ನದ ಡಬ್ಬಿ ಹಿಡಿದು ಹಾಜರು. ನಾಲ್ಕು ಮಕ್ಕಳಂತೂ ಅಪ್ಪನ ಸಹಿ ಹಾಕಿಸಿದ ಒಪ್ಪಿಗೆ ಪತ್ರವನ್ನೂ ತಂದಿದ್ದರು! ಗೋಡೆಯ ಟಿವಿ ತೋರಿಸಿ, ಇದರಲ್ಲೇ ಮ್ಯೂಸಿಯಂ ಸುತ್ತೋದು ಎಂದಾಗ ಮುಖಗಳು ಸಪ್ಪಗಾದವು. ಆದರೆ ಬಾಣದ ಗುರುತು ಒತ್ತಿ ಮೊದಲ ಹಜಾರದೊಳಗೆ ಹೋದೆವು ನೋಡು, ಎಡಕ್ಕೆ ತಿರುಗಿ ಮಿಸ್, ಆ ಕತ್ತಿ ಹತ್ರ ಹೋಗಿ ಮಿಸ್ ಎಂದು ಗಲಾಟೆಯೋ ಗಲಾಟೆ. ನನಗೂ ಹಬ್ಬದಂತೆ ಅನಿಸಿತು.

ಹಾಗೆ ಹೋಗುತ್ತಾ ಒಂದು ಮರದ ಬಟ್ಟಲು ಬಂತು. ತಳದಲ್ಲಿ ಆರು ತೂತು, ಅಂಚಿಗೆ ಹೂವಿನ ಕೆತ್ತನೆ. ಕೆಳಗೆ ದೀಪದ ಕಂಬದ ಭಾಗ ಎಂದು ಬರೆದಿತ್ತು, ನಾನೂ ಹಾಗೇ ಓದಿದೆ. ಆಗ ಇಂಪನಾ ಎದ್ದಳು. ಜೂನ್‌ನಿಂದ ಹಾಜರಿಗೆ ಬಿಟ್ಟರೆ ತುಟಿ ಬಿಚ್ಚದಿದ್ದ ಹುಡುಗಿ. "ದೀಪ ಅಲ್ಲ ಮಿಸ್, ಅದು ಕೂರಿಗೆ ಬಟ್ಲು. ನಮ್ಮಜ್ಜಿ ಅದ್ರಲ್ಲಿ ರಾಗಿ ಬುಡ್ತದೆ" ಎಂದಳು.

ಮ್ಯೂಸಿಯಂನವರಿಗೆ ಗೊತ್ತಿಲ್ಲದ್ದು ನಿನಗೆ ಗೊತ್ತಾ, ಕೂತ್ಕೋ ಎಂದುಬಿಟ್ಟೆ. ಕ್ಲಾಸು ಗೊಳ್ಳೆಂದು ನಕ್ಕಿತು. ಮಾರನೆಯ ದಿನದಿಂದ ಅವಳು ಹಾಜರಿ ಕೂಗಿದರೂ ಬರೀ ಕೈ ಎತ್ತುತ್ತಿದ್ದಳು.

ಬೆಲ್ ಹೊಡೆಯುವ ಹೊತ್ತಾಗಿತ್ತು, ಅದಕ್ಕೇ ಗದರಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಸುಳ್ಳು ಕಣೇ. ಹಿಂದಿನ ಬೆಂಚಿನಲ್ಲಿ ತಪಾಸಣೆಗೆ ಬಂದ ಸಾಹೇಬರು ಕೂತು ಏನೋ ಬರೆದುಕೊಳ್ಳುತ್ತಿದ್ದರು. ಅವರೆದುರು ನನಗೆ ಗೊತ್ತಿಲ್ಲ ಎನ್ನಲು ಬಾಯಿ ಬರಲಿಲ್ಲ. ಆ ಮಗು ಇನ್ನೆಂದೂ ತರಗತಿಯಲ್ಲಿ ಮಾತಾಡದೇ ಹೋದರೆ ಅದಕ್ಕೆ ನಾನೇ ಕಾರಣ ಎಂದು ಒಂದೇ ಸಂಕಟ.

ನಾಲ್ಕನೇ ದಿನ ಶಾಲೆ ಬಿಟ್ಟ ಮೇಲೆ ಗುಬ್ಬಿ ಬಸ್ಸು ತಪ್ಪಿದರೆ ತಪ್ಪಲಿ ಎಂದು ಅವಳ ಹಿಂದೆ ಹೊಲಕ್ಕೆ ಹೋದೆ. ಎತ್ತುಗಳು ಕೂರಿಗೆ ಎಳೆಯುತ್ತಿದ್ದವು, ಅವಳ ಅಜ್ಜಿ ಚಿಕ್ಕಮಾರಮ್ಮ ಹಿಂದೆ ನಡೆಯುತ್ತಾ ಬಟ್ಟಲಿಗೆ ರಾಗಿ ಬಿಡುತ್ತಿದ್ದರು. ತೂತುಗಳಿಂದ ಬಿದಿರಿನ ಕೊಳವೆಗಿಳಿದು ಕಾಳು ಸಾಲಾಗಿ ಮಣ್ಣು ಸೇರುತ್ತಿತ್ತು. ನಾನೂ ಬಿಡುತ್ತೇನೆಂದೆ. ಮೊದಲು ಚಪ್ಪಲಿ ತೆಗೆಸಿದರು. ಬಿಟ್ಟೆ ನೋಡು, ಒಂದೇ ಸಾಲಿಗೆ ಅರ್ಧ ಸೇರು! "ಏನ್ ಮೇಡಮ್ಮೋರೆ, ಕೋಳಿಗೆ ಚೆಲ್ದಂಗೆ ಚೆಲ್ತೀರಲ್ಲ, ಬುಡಿ ಇತ್ಲಾಗೆ" ಎಂದು ಅಜ್ಜಿ ಬೈದರು. ಇಂಪನಾ ಬಾಯಿ ಮುಚ್ಚಿಕೊಂಡು ನಕ್ಕಳು. ಆ ನಗು ಕೇಳಿ ನನಗೆ ಜೀವ ಬಂದಂತಾಯಿತು.

ಮರುದಿನ ಇಡೀ ತರಗತಿಯೆದುರು, ನನಗೆ ಗೊತ್ತಿರಲಿಲ್ಲ, ಇಂಪನಾ ಹೇಳಿದ್ದೇ ಸರಿ ಎಂದೆ. ಅವಳ ಕೈಗೆ ಸೀಮೆಸುಣ್ಣ ಕೊಟ್ಟೆ. ಕೂರಿಗೆಯ ಚಿತ್ರ ಬರೆದು ಅರ್ಧ ಗಂಟೆ ಪಾಠ ಮಾಡಿದಳು, ಮಧ್ಯೆ ಮಾತಾಡಿದ ಇಬ್ಬರನ್ನು ಗದರಿದಳು ಕೂಡ.

ಆಮೇಲೆ ಮಕ್ಕಳೆಲ್ಲ ಸೇರಿ ಫೋಟೋ ಸಮೇತ ಮ್ಯೂಸಿಯಂಗೆ ಬರೆದರು. ಈ ಸೋಮವಾರ ಉತ್ತರ ಬಂತು. ವಿವರ ತಿದ್ದಿದ್ದಾರೆ ಅರ್ಜೂ! ಕೂರಿಗೆ ಬಟ್ಟಲು, ರಾಗಿ ಬಿತ್ತನೆಗೆ ಎಂದು ಹಾಕಿ, ಮಾಹಿತಿ ಕೊಟ್ಟವರ ಹೆಸರನ್ನೂ ಸೇರಿಸಿದ್ದಾರೆ. ಮಂಗಳವಾರದ ಶಿಕ್ಷಕರ ಮೀಟಿಂಗಿನಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು. ಬಹಳ ದಿನಗಳ ಮೇಲೆ ಮೇಷ್ಟ್ರು ಕೆಲಸ ಹಿಡಿದದ್ದಕ್ಕೆ ಖುಷಿಯಾಗಿದ್ದೇನೆ. ಅಮ್ಮಿಗೆ ನನ್ನ ಸಲಾಂ ಹೇಳು.

ನಿನ್ನ ಬೈಗುಳಕ್ಕೆ ಕಾದಿರುವ,
ಕೋಮಲಾ

ತಾ.ಕ.: ಒಂದು ಮಾತು ಮುಚ್ಚಿಟ್ಟಿದ್ದೆ. ಮೇಲ್ ಹೋದದ್ದು ನನ್ನ ವಿಳಾಸದಿಂದ, ಹಾಗಾಗಿ ಅವರು ಹಾಕಿದ್ದು ನನ್ನ ಹೆಸರು. ಚಪ್ಪಾಳೆಯೂ ನನಗೇ. ಮೂರು ದಿನ ಸುಮ್ಮನೆ ಅನುಭವಿಸಿದೆ. ನಿನ್ನೆ ಇಂಪನಾಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ನನ್ನ ಹೆಸರು ತೆಗೆದು ಅವಳ ಹೆಸರು ಹಾಕಿ ಎಂದು ಬರೆದೆ. ಕಳಿಸುವ ಮೊದಲು ಅವಳು ಓದಿ ನೋಡಿ, ತನ್ನ ಹೆಸರು ಅಳಿಸಿ, ಒಂದೊಂದೇ ಅಕ್ಷರ ಹುಡುಕಿ ಒತ್ತಿದಳು: ಚಿಕ್ಕಮಾರಮ್ಮ.