ಗಾಲಿಕುರ್ಚಿಯ ಮೇಲೆ ನಿಮಗೆಷ್ಟು ಪ್ರೀತಿ?

ಹುಬ್ಬಳ್ಳಿ ಗಾಳಿನಿಲ್ದಾಣ
ಫೆಬ್ರುವರಿ ೩೦, ೨೨೧೧

ಎಷ್ಟೋ ತಲೆಮಾರು ಹಿಂದೆ ಬದುಕುತ್ತಿರುವ ಹಿರಿಯರಿಗೆ,

ಮೇಲಿನ ತಾರೀಖು ನೋಡಿ ನೀವು ಈ ಕಾಗದವನ್ನು ಪಕ್ಕಕ್ಕಿಟ್ಟರೆ ನನಗೆ ಬೇಸರವಿಲ್ಲ. ನಾನಾಗಿದ್ದರೂ ಹಾಗೆಯೇ ಮಾಡುತ್ತಿದ್ದೆ. ನಿಮ್ಮ ಫೆಬ್ರುವರಿಯಲ್ಲಿ ಈ ದಿನ ಇಲ್ಲವೆಂದು ಬಲ್ಲೆ. ನಮ್ಮ ಕಾಲದಲ್ಲಿ ಮೇ ತಿಂಗಳ ಉರಿ ತಡೆಯಲಾಗದೆ ಅದರ ಕೊನೆಯ ಕೆಲವು ದಿನಗಳನ್ನು ಕಿತ್ತು ಫೆಬ್ರುವರಿಗೆ ಸೇರಿಸಿದರು. ಬಿಸಿಲು ಮಾತ್ರ ಎಲ್ಲಿತ್ತೋ ಅಲ್ಲೇ ಉಳಿಯಿತು. ಈ ಕಾಗದದಲ್ಲಿ ನಿಮ್ಮ ಕಿವಿಗೆ ಒರಟಾಗಿ ಕೇಳುವ ಕೆಲವು ಶಬ್ದಗಳು ಬರುತ್ತವೆ, ಅದಕ್ಕೆ ಕ್ಷಮೆಯಿರಲಿ. ಅವುಗಳನ್ನು ನಾನು ಕಟ್ಟಿದ್ದಲ್ಲ. ನಾನು ಕನ್ನಡ ಎಂ.ಎ. ಮಾಡಿದವಳು, ಇಷ್ಟು ಕೆಟ್ಟ ಶಬ್ದಗಳನ್ನು ಕಟ್ಟಲಾರೆ. ಅವು ಸಂಸ್ಥೆಯವು.

ಸಂಸ್ಥೆಯೆಂದರೆ ನಾನು ಕೆಲಸ ಮಾಡುವ ವಿಮಾನ ಸಂಸ್ಥೆ. ಅಲ್ಲಿ ನನ್ನ ಹುದ್ದೆಯ ಹೆಸರು ಸಂದೇಹಿ. ಪ್ರಯಾಣಿಕರ ಪೆಟ್ಟಿಗೆ ಒಡೆದರೆ, ಚೀಲ ಹರಿದರೆ, ನಿಮ್ಮಲ್ಲಿ ಏನು ಕೊಡುತ್ತಾರೆಂದು ನನಗೆ ಸರಿಯಾಗಿ ಗೊತ್ತಿಲ್ಲ. ನಮ್ಮಲ್ಲಿ ಅದಕ್ಕೆ ನಂಟುಬೆಲೆ ಎಂಬ ಲೆಕ್ಕವಿದೆ. ಒಡೆದ ವಸ್ತು ಏನು, ಯಾರು ಒಡೆದರು ಎಂಬುದು ಅದರಲ್ಲಿ ಬರುವುದೇ ಇಲ್ಲ. ಆ ವಸ್ತುವಿಗೂ ನಿಮಗೂ ಎಷ್ಟು ನಂಟು ಎಂಬುದಷ್ಟೇ ಮುಖ್ಯ. ಅದನ್ನು ನೀವು ಬಾಯಿಬಿಟ್ಟು ಹೇಳಬೇಕು. ಕೇಳಿಸಿಕೊಳ್ಳಲು ಎದುರಿಗೆ ಒಬ್ಬರು ಕೂತಿರುತ್ತಾರೆ, ಅವರನ್ನು ಕನಿಕರಿ ಎನ್ನುತ್ತೇವೆ. ಅವರು ಶುಂಠಿ ಚಹ ಕೊಡುತ್ತಾರೆ, ತಲೆದೂಗುತ್ತಾರೆ, ಬೇಕಾದರೆ ಕರವಸ್ತ್ರವನ್ನೂ ಕೊಡುತ್ತಾರೆ. ಅವರ ಬೆನ್ನ ಹಿಂದೆ ಒಂದು ಪರದೆ. ಪರದೆಯ ಹಿಂದೆ ನಾನು. ಹೇಳಿದ್ದರಲ್ಲಿ ಏನು ಸುಳ್ಳಿರಬಹುದು ಎಂದು ಮೂರು ಸಂದೇಹಗಳನ್ನು ಬರೆದು, ಬೆಲೆ ತೀರ್ಮಾನಿಸುವ ಎಣಿಕೆಯಂತ್ರಕ್ಕೆ ಕೊಡುವುದು ನನ್ನ ಕೆಲಸ. ಮೂರಕ್ಕೆ ಒಂದು ಕಡಿಮೆಯಾದರೂ ಸಂದೇಹಿಯೇ ಪ್ರಯಾಣಿಕರ ಜೊತೆ ಸೇರಿಕೊಂಡಿದ್ದಾಳೆಂದು ಯಂತ್ರ ತಿಳಿಯುತ್ತದೆ. ಆಗ ನನ್ನ ಮೇಲೆಯೇ ವಿಚಾರಣೆ.

ಈ ಕೆಲಸಕ್ಕೆ ಸಾಹಿತ್ಯ ಓದಿದವರನ್ನೇ ಹುಡುಕಿ ತೆಗೆದುಕೊಳ್ಳುತ್ತಾರೆ. ಕಟ್ಟಿದ ಕಥೆಯ ವಾಸನೆ ನಮಗೆ ಬೇಗ ಹತ್ತುತ್ತದಂತೆ. ಸಂಕೋಚದ ಸ್ವಭಾವ ಇದ್ದರೆ ಇನ್ನೂ ಒಳ್ಳೆಯದಂತೆ, ಪರದೆಯಿಂದ ಹೊರಗೆ ಬರುವುದಿಲ್ಲವಲ್ಲ. ಎರಡೂ ನನ್ನಲ್ಲಿದ್ದವು. ನಿಲ್ದಾಣದ ಹೊರಗೆ, ಗಿರಮಿಟ್ಟು ಮಾರುವವರ ಸಾಲಿನ ಆಚೆ, ಇನ್ನೊಂದು ಸಾಲು ಕೂತಿರುತ್ತದೆ. ಅವರು ಕಥೆ ಮಾರುವವರು. ಒಡೆದ ಪೆಟ್ಟಿಗೆ ತೋರಿಸಿದರೆ ಅದಕ್ಕೆ ತಕ್ಕ ಅಜ್ಜಿಯನ್ನು ಕೊಡುತ್ತಾರೆ. ಹೀಗಾಗಿ ನಾನು ಕೇಳುವ ಅಜ್ಜಿಯರೆಲ್ಲ ಸುಕ್ಕುಗಟ್ಟಿದ ಕೈಯವರು, ಎಲ್ಲರೂ ಸಾಯುವ ಮುನ್ನ ಮೊಮ್ಮಗಳ ಕೈ ಹಿಡಿದು ಏನೋ ಹೇಳಲು ಹೋಗಿ ಹೇಳದೆ ಉಳಿದವರು. ಒಬ್ಬ ಅಜ್ಜಿಯೂ ಜಗಳಗಂಟಿಯಲ್ಲ. ಅಲ್ಲೇ ನನಗೆ ಗೊತ್ತಾಗಿಬಿಡುತ್ತದೆ. ಮೊದಮೊದಲು ಇದು ತಮಾಷೆಯಾಗಿತ್ತು. ಆಮೇಲೆ ಸಂದೇಹ ನನ್ನ ಜೊತೆ ಮನೆಗೆ ಬರತೊಡಗಿತು. ಅವ್ವ ಸಾರಿಗೆ ಉಪ್ಪು ಸರಿಯಿದೆಯಾ ಎಂದು ಕೇಳಿದರೆ, ಇವಳು ಏನೋ ಬೇರೆ ಕೇಳುವ ಮುನ್ನ ದಾರಿ ಮಾಡುತ್ತಿದ್ದಾಳೆ ಅನ್ನಿಸುತ್ತಿತ್ತು. ಗೆಳತಿ ನನ್ನ ಸೀರೆ ಚಂದವಿದೆ ಎಂದರೆ ಒಂದು ವಾರ ಅವಳನ್ನು ತಪ್ಪಿಸಿಕೊಂಡು ಓಡಾಡಿದೆ.

ಕಳೆದ ವಾರ ಗುರುಬಾಯಿ ಪತ್ತಾರ ಎಂಬ ಹೆಂಗಸು ಬಂದರು. ಐವತ್ತರ ಮೇಲಿನ ವಯಸ್ಸು, ಮದುವೆ ಅಡಿಗೆಯ ಗುತ್ತಿಗೆ ಹಿಡಿಯುವವರು. ಸೊಂಟದಿಂದ ಕೆಳಗೆ ಅವರಿಗೆ ಬಲವಿಲ್ಲ. ನಿಮ್ಮ ಕಾಲದವರು ಮುಂದಿನ ಕಾಲದಲ್ಲಿ ಎಲ್ಲರೂ ನಡೆಯುತ್ತಾರೆಂದು ಅಂದುಕೊಂಡಿದ್ದರೆ ಅದು ಆಗಿಲ್ಲ. ನಡೆಸುವ ಕಾಲುಗಳು ಬಂದಿವೆ, ಕೊಳ್ಳುವ ಶಕ್ತಿ ಇದ್ದವರಿಗೆ. ಉಳಿದವರಿಗೆ ಇಂದಿಗೂ ಗಾಲಿಕುರ್ಚಿಯೇ. ಗುರುಬಾಯಿ ಸೊಲ್ಲಾಪುರದಲ್ಲಿ ತಮ್ಮ ಕುರ್ಚಿಯಲ್ಲೇ ವಿಮಾನದ ಬಾಗಿಲ ತನಕ ಬಂದಿದ್ದರು. ಅಲ್ಲಿ ಸಂಸ್ಥೆಯವರು ಅವರನ್ನು ಒಳಗೆ ಕೂರಿಸಿ ಕುರ್ಚಿಯನ್ನು ಸಾಮಾನಿನ ಜೊತೆ ಇಟ್ಟರು. ಹುಬ್ಬಳ್ಳಿಯಲ್ಲಿ ಇಳಿದಾಗ ಅದರ ಒಂದು ಗಾಲಿ ಸೊಟ್ಟಗಾಗಿತ್ತು, ಕಾಲಿಡುವ ಹಲಗೆ ಮುರಿದು ಅರ್ಧ ಮಾತ್ರ ಉಳಿದಿತ್ತು.

ಇಂಥವರಿಗೆ ಸಂಸ್ಥೆ ತಕ್ಷಣ ಒಂದು ಮೆತ್ತನೆಯ ಕುರ್ಚಿ ಕೊಡುತ್ತದೆ. ಅದು ನಿಲ್ದಾಣದೊಳಗೆ ತಾನಾಗಿಯೇ ಓಡಾಡುತ್ತದೆ, ಬಾಗಿಲ ಬಳಿ ಬಂದರೆ ನಿಂತುಬಿಡುತ್ತದೆ. ತೀರ್ಮಾನ ಆಗುವವರೆಗೆ ಅತಿಥಿಗಳಾಗಿ ಇಲ್ಲೇ ಇರಿ, ಊಟ ನಮ್ಮದು, ಹಾಸಿಗೆ ನಮ್ಮದು ಎನ್ನುತ್ತಾರೆ. ತೀರ್ಮಾನಕ್ಕೆ ತಿಂಗಳುಗಳೇ ಹಿಡಿಯುವುದುಂಟು. ಮರುದಿನ ಬೆಳಿಗ್ಗೆ ಗದಗಿನಲ್ಲಿ ಗುರುಬಾಯಿಯವರು ಒಪ್ಪಿಕೊಂಡ ಮದುವೆಯಿತ್ತು. ಅಂದೇ ಹೊರಡದಿದ್ದರೆ ಆ ಮದುವೆಯಷ್ಟೇ ಅಲ್ಲ, ಮುಂದೆ ಯಾರೂ ಕರೆಯದಂತಾಗುತ್ತದೆ ಎಂಬುದು ಅವರ ಆತಂಕ. ಅವರಿಗೆ ಬೇಕಾಗಿದ್ದು ಬಾಗಿಲು ದಾಟುವ ಕುರ್ಚಿ, ಅದೂ ಅಂದೇ.

ಅವರ ಜೊತೆ ಮೈದುನ ವಿರೂಪಣ್ಣ ಬಂದಿದ್ದ. ಹೊರಗಿನ ಸಾಲಿನಲ್ಲಿ ಕಥೆ ಕೊಂಡೇ ಒಳಗೆ ಬಂದಿದ್ದಾನೆಂದು ಅವನು ಗಂಟಲು ಸರಿಮಾಡಿಕೊಂಡ ರೀತಿಯಲ್ಲೇ ತಿಳಿಯಿತು. "ಈ ಕುರ್ಚಿ ನಮ್ಮಣ್ಣ ತೀರಿಕೊಳ್ಳೂ ಮುಂದ ಕಡೀ ಕಾಣಿಕಿ ಅಂತ ಕೊಡಿಸಿದ್ದರೀ. ವೈನಿ ದಿನಾ ಇದರ ಗಾಲಿ ಮುಟ್ಟಿ ನಮಸ್ಕಾರ ಮಾಡೇ ಮಲಗತಾರ್ರೀ," ಎಂದು ಶುರು ಮಾಡಿದ. ನಾನು ಮೊದಲನೆಯ ಸಂದೇಹ ಬರೆಯಲು ಕೈ ಎತ್ತಿದ್ದೆ. ಅಷ್ಟರಲ್ಲಿ ಗುರುಬಾಯಿಯವರ ದನಿ ಬಂತು. "ಯಾಕೋ ವಿರೂಪಣ್ಣಾ, ನಿಮ್ಮಣ್ಣ ಯಾವಾಗ ತೀರಿಕೊಂಡ? ಮನ್ಯಾಗ ಶೇಂಗಾ ತಿನ್ಕೋತ ಕುಂತಾನ. ಕೊಡಸೂದು ಅಂತೂ ಬಿಡು, ಅವಾ ನನಗ ಒಂದು ಛತ್ರಿ ಸೈತ ಕೊಡಿಸಿಲ್ಲ." ವಿರೂಪಣ್ಣ ದನಿ ತಗ್ಗಿಸಿ, "ವೈನೀ, ಸ್ವಲ್ಪ ಕಣ್ಣಾಗ ನೀರರೆ ತರ್ರೀ, ಹೊರಗ ರೊಕ್ಕಾ ಕೊಟ್ಟು ಬಂದೀನಿ," ಎಂದ. "ರೊಕ್ಕಾ ಕೊಟ್ಟಾಂವ ನೀನು. ನೀನ ಅಳು," ಎಂದರು ಅವರು. ಪರದೆಯ ಹಿಂದೆ ನಗಬಾರದೆಂಬ ನಿಯಮವಿದೆ. ನಾನು ಸೆರಗು ಕಚ್ಚಿಕೊಂಡೆ.

ಅಂದಿನ ಕನಿಕರಿ ದಮಯಂತಿ ಮೇಡಂ, ಈ ಕೆಲಸದಲ್ಲಿ ಬಹಳ ನುರಿತವರು. ಅವರು ಚಹದ ಲೋಟವನ್ನು ಮುಂದೆ ಸರಿಸಿ, ಅವಸರವಿಲ್ಲಮ್ಮಾ, ಈ ಕುರ್ಚಿ ಅಂದರೆ ನಿಮಗೆ ಏನು, ಎಷ್ಟು ಪ್ರೀತಿ, ನಿಧಾನವಾಗಿ ಹೇಳಿ ಎಂದರು. ಗುರುಬಾಯಿ ಚಹ ಮುಟ್ಟಲಿಲ್ಲ. "ಪ್ರೀತಿ ಎಲ್ಲೀದ್ರೀ? ಇದನ್ನ ಕಂಡರ ನನಗ ಆಗಂಗಿಲ್ಲ. ಬೆನ್ನು ಹಿಡೀತೈತಿ, ಸಂದ್ಯಾಗ ತಿರುಗಂಗಿಲ್ಲ. ಆದರ ಇದಿಲ್ಲಂದರ ನಾ ಬಚ್ಚಲಕ್ಕೂ ಹೋಗಾಕ ಆಗಂಗಿಲ್ಲ. ನಿಮ್ಮ ಕಾಲಿನ ಮ್ಯಾಲ ನಿಮಗ ಪ್ರೀತಿ ಐತೇನವ್ವಾ? ಯಾರರೆ ಮುರದರ, ಎಷ್ಟ ಪ್ರೀತಿ ಇತ್ತು ಅಂತ ಹೇಳ್ಕೋತ ಕುಂದರತೀರೇನು?" ದಮಯಂತಿ ಮೇಡಂ ತಲೆದೂಗುವುದನ್ನು ನಿಲ್ಲಿಸಿದರು. ಹಾಗೆ ನಿಲ್ಲಿಸಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಬಳಿಕ ಅವರು ಸಂಸ್ಥೆಯ ಹೇಳಿಕೆಯನ್ನು ಓದಿದರು. ಕುರ್ಚಿ ವಿಮಾನ ಏರುವ ಮೊದಲೇ ಕೆಟ್ಟಿತ್ತು. ಪ್ರಯಾಣಿಕರೇ ನಂಟಿಲ್ಲವೆಂದು ಒಪ್ಪಿರುವುದರಿಂದ ನಂಟುಬೆಲೆ ಸೊನ್ನೆ.

ಸಂದೇಹಗಳನ್ನು ಬರೆಯುವ ಹೊತ್ತು ಬಂತು. ನಿಜ ಹೇಳುವುದಾದರೆ ಮೊದಲು ನಾನು ಆ ಹೆಂಗಸನ್ನೇ ಶಂಕಿಸಿದೆ. ಇದೂ ಹೊಸ ಬಗೆಯ ಕಥೆಯಿರಬೇಕು, ಅಜ್ಜಿಯರು ಹಳತಾದ ಮೇಲೆ ಹೊರಗಿನವರು ಹೀಗೆ ಒರಟಾಗಿ ಮಾತಾಡುವುದನ್ನು ದುಬಾರಿ ಬೆಲೆಗೆ ಮಾರುತ್ತಿರಬೇಕು ಎಂದುಕೊಂಡೆ. ಮೈದುನ, ಶೇಂಗಾ ತಿನ್ನುವ ಗಂಡ, ಎಲ್ಲವೂ ತುಸು ಹೆಚ್ಚೇ ಚೆನ್ನಾಗಿ ಬಂದಂತಿತ್ತು. ಆದರೆ ಯಾವ ಕಥೆ ಮಾರುವವನೂ ಸೊನ್ನೆ ಬರುವ ಕಥೆಯನ್ನು ಮಾರುವುದಿಲ್ಲ. ಪರದೆಯ ಅಂಚಿನಿಂದ ನೋಡಿದೆ. ಅವರು ಸಂಸ್ಥೆಯ ಮೆತ್ತನೆಯ ಕುರ್ಚಿಯಲ್ಲಿ ಕೂತು ಗಡಿಯಾರವನ್ನು ನೋಡುತ್ತಿರಲಿಲ್ಲ, ನಮ್ಮನ್ನೂ ನೋಡುತ್ತಿರಲಿಲ್ಲ. ಬಾಗಿಲ ಕಡೆ ನೋಡುತ್ತಿದ್ದರು. ಒಂದು ಕೈ ಮಾತ್ರ ಇಲ್ಲದ ಗಾಲಿಯನ್ನು ತಿರುಗಿಸುವಂತೆ ಪಕ್ಕದಲ್ಲಿ ಆಡುತ್ತಿತ್ತು.

ಬರೆಯಲೇಬೇಕಾದ ಮೂರು ಸಂದೇಹಗಳು ಯಾರ ಮೇಲಿರಬೇಕೆಂದು ನಮ್ಮ ನಿಯಮದಲ್ಲಿ ಎಲ್ಲೂ ಹೇಳಿರಲಿಲ್ಲ. ಪ್ರಯಾಣಿಕರ ಮೇಲಲ್ಲದೆ ಇನ್ಯಾರ ಮೇಲೆ ಎಂದು ಅದನ್ನು ಬರೆದವರು ಅಂದುಕೊಂಡಿರಬೇಕು. ನಾನು ಹೀಗೆ ಬರೆದೆ. ಕುರ್ಚಿ ಮೊದಲೇ ಕೆಟ್ಟಿದ್ದರೆ ಈ ತಾಯಿ ವಿಮಾನದ ಬಾಗಿಲ ತನಕ ಅದರಲ್ಲೇ ಹೇಗೆ ಬಂದರು? ಮುರಿದ ಹಲಗೆಯ ಕಾಣೆಯಾದ ಇನ್ನರ್ಧ ನಮ್ಮ ಸಾಮಾನಿನ ಕೋಣೆಯಲ್ಲಿ ಬಿದ್ದಿಲ್ಲವೆಂದು ಯಾರಾದರೂ ಹೋಗಿ ನೋಡಿದ್ದಾರೆಯೇ? ಒಬ್ಬರ ವಸ್ತುವನ್ನು ನಾವು ಮುರಿಯದಿರಬೇಕಾದರೆ ಅದರ ಮೇಲೆ ಅವರಿಗೆ ಪ್ರೀತಿ ಇರಲೇಬೇಕೇ? ಬರೆದು ಯಂತ್ರಕ್ಕೆ ಕೊಟ್ಟೆ.

ಯಂತ್ರಕ್ಕೆ ಸಂದೇಹ ಯಾರ ಮೇಲಿದ್ದರೂ ಒಂದೇ. ಯಾರನ್ನು ಶಂಕಿಸಲಾಗಿದೆಯೋ ಅವರು ಸಂಜೆಯೊಳಗೆ ಉತ್ತರ ಕೊಡಬೇಕು, ಇಲ್ಲದಿದ್ದರೆ ಅವರು ಸೋತಂತೆ. ಪ್ರಯಾಣಿಕರಾದರೆ ಒದ್ದಾಡಿಕೊಂಡು ಏನೋ ಒಂದು ಉತ್ತರ ಕೊಡುತ್ತಾರೆ, ಅದರ ಮೇಲೆ ಮತ್ತೆ ಸಂದೇಹ, ಹೀಗೆಯೇ ತಿಂಗಳುಗಳು ಕಳೆಯುತ್ತವೆ. ಸಂಸ್ಥೆಯಲ್ಲಿ ಕೇಳುವವರಿದ್ದಾರೆ, ಕರಗುವವರಿದ್ದಾರೆ, ಶಂಕಿಸುವವರಿದ್ದಾರೆ. ಉತ್ತರ ಕೊಡುವುದೇ ಕೆಲಸವಾಗಿರುವ ಒಬ್ಬರೂ ಇಲ್ಲ. ಇದುವರೆಗೆ ಅಂಥವರು ಬೇಕಾಗಿರಲಿಲ್ಲ. ಪ್ರಶ್ನೆಗಳು ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಅಲೆದವು. ಹೊತ್ತು ಮುಳುಗುವಾಗ, ಸಂಸ್ಥೆ ಸೋತಿತೆಂದು ಯಂತ್ರ ಬರೆದ ಮೇಲೆ, ಇಬ್ಬರು ಒಂದು ಹೊಸ ಗಾಲಿಕುರ್ಚಿಯನ್ನು ತಳ್ಳಿಕೊಂಡು ಬಂದು ಗುರುಬಾಯಿಯವರ ಮುಂದೆ ನಿಲ್ಲಿಸಿದರು.

ಅವರು ಕೈಮುಗಿಯಲಿಲ್ಲ, ಕಣ್ಣೀರೂ ಹಾಕಲಿಲ್ಲ. ಗಾಲಿಗಳನ್ನು ಅಲುಗಿಸಿ ನೋಡಿದರು, ಬ್ರೇಕು ಹಾಕಿ ತೆಗೆದರು, ಸೀಟಿನ ಕೆಳಗೆ ಕೈಯಾಡಿಸಿದರು. "ಇಷ್ಟ ಜಲ್ದಿ ಯಾಕ ಕೊಟ್ಟರೋ ವಿರೂಪಣ್ಣಾ? ಇದರಾಗ ಏನರೆ ಇಟ್ಟಾರೇನು ನೋಡು," ಎಂದರು. ನಾನು ಮನಸ್ಸಿನಲ್ಲೇ ಅವರಿಗೆ ಭಲೆ ಎಂದೆ. ಕೊನೆಗೆ ಅದರಲ್ಲಿ ಕೂತು, ಮೈದುನ ತಳ್ಳಲು ಬಂದರೆ ಅವನ ಕೈ ಸರಿಸಿ, ತಾವೇ ಬಾಗಿಲು ದಾಟಿ ಹೋದರು. ಗದಗಿನ ಮದುವೆಯಲ್ಲಿ ಹುಗ್ಗಿ ಚೆನ್ನಾಗಿತ್ತೆಂದು ಆಮೇಲೆ ಯಾರೋ ಹೇಳಿದರು. ಹೇಳಿದವರನ್ನು ನಾನು ಪೂರ್ತಿ ನಂಬಿಲ್ಲ, ಆದರೆ ನಂಬಬೇಕೆನ್ನಿಸುತ್ತದೆ.

ಈಗ ನನ್ನ ವಿಷಯ. ನನಗೆ ಶಿಕ್ಷೆಯಾಗಲಿಲ್ಲ. ನಿಯಮಕ್ಕೆ ಒಂದು ಸಾಲು ಸೇರಿತು. ಸಂದೇಹಗಳು ಪ್ರಯಾಣಿಕರ ಕುರಿತೇ ಇರತಕ್ಕದ್ದು. ಇಂದು ಮಧ್ಯಾಹ್ನ ನನ್ನನ್ನು ಕರೆದು ಹೂವು ಕೊಟ್ಟು ಬಡ್ತಿ ಕೊಟ್ಟರು. ನಾಳೆಯಿಂದ ನಾನು ಕನಿಕರಿ. ಪರದೆಯ ಈಚೆ ಬಂದು, ಚಹದ ಲೋಟ ಸರಿಸಿ, ಎಷ್ಟು ಪ್ರೀತಿ ಎಂದು ಕೇಳಬೇಕು. ನಿಮ್ಮಂಥ ಮನಸ್ಸಿರುವವರು ಪರದೆಯ ಹಿಂದೆ ವ್ಯರ್ಥ ಎಂದರು ಮೇಲಿನವರು. ಬಹಳ ಹಿತವಾಗಿ ನಕ್ಕರು. ಶಂಕಿಸುವ ಹಕ್ಕು ಇಂದು ರಾತ್ರಿಗೆ ಮುಗಿಯುತ್ತದೆ. ಉಳಿದ ಒಂದು ಸಂದೇಹವನ್ನು ನಿಮಗೆ ಕಳಿಸುತ್ತಿದ್ದೇನೆ. ನೌಕರಿಯಲ್ಲಿರುವವರಿಗೆ ಹಿಂದಂಚೆಯಲ್ಲಿ, ಅಂದರೆ ಹಿಂದಿನ ಕಾಲಕ್ಕೆ ಹೋಗುವ ಅಂಚೆಯಲ್ಲಿ, ಜೀವಮಾನದಲ್ಲಿ ಒಂದು ಕಾಗದಕ್ಕೆ ಅವಕಾಶವಿದೆ. ನಿಮ್ಮ ಕಾಲಕ್ಕೇ ಬರೆಯಲು ಕಾರಣವಿದೆ. ಇದೆಲ್ಲ ಶುರುವಾದದ್ದು ನಿಮ್ಮಲ್ಲೇ ಎಂದು ನನ್ನ ಗುಮಾನಿ.

ಒಂದು ದಿನ ನಿಮ್ಮ ಪೆಟ್ಟಿಗೆಯೋ ಚೀಲವೋ ಮುರಿದು ಬರುತ್ತದೆ. ಎಷ್ಟೋ ಕಿಟಕಿಗಳಲ್ಲಿ ಬೈಸಿಕೊಂಡ ಮೇಲೆ ಒಬ್ಬರು ಸಿಗುತ್ತಾರೆ, ಮೆಲುದನಿಯವರು. ಅದರಲ್ಲಿ ಏನಿತ್ತು ಎಂದು ಕೇಳುವುದಿಲ್ಲ, ಅದು ನಿಮಗೆ ಏನಾಗಿತ್ತು ಎಂದು ಕೇಳುತ್ತಾರೆ. ಕೊನೆಗೂ ಒಬ್ಬರು ಕೇಳಿದರಲ್ಲ ಎಂದು ನಿಮ್ಮ ಎದೆ ತುಂಬಿ ಬರುತ್ತದೆ. ಆ ಗಳಿಗೆಯಲ್ಲಿ ದಯವಿಟ್ಟು ಏನೂ ಹೇಳಬೇಡಿ. ನಿಮ್ಮ ಅಜ್ಜಿಯನ್ನು ಅವರ ಕೈಗೆ ಕೊಡಬೇಡಿ. ನಾವು ಕೊಟ್ಟಾಗ ಇದು ಸರಿಯಿತ್ತು, ನೀವು ಮರಳಿಸಿದಾಗ ಮುರಿದಿತ್ತು, ಮುರಿದವರು ಯಾರು ಎಂದಷ್ಟೇ ಕೇಳಿ, ಉತ್ತರ ಬರುವ ತನಕ ಅಲ್ಲೇ ನಿಂತಿರಿ. ನಿಲ್ಲಲಾಗದವರು ಕೂತಿರಿ. ಆ ಕಿಟಕಿಯ ಆಚೆ ಇರುವವರು ನನ್ನ ಹಾಗೆ ಸಂಕೋಚದವರಾಗಿದ್ದರೆ, ಅವರು ತಲೆ ತಗ್ಗಿಸಿ ಮತ್ತೆ ಮತ್ತೆ ಚಹದ ಲೋಟ ಸರಿಸುವುದು ನಿಮಗೆ ಕಂಡೀತು. ಕನಿಕರಪಡಬೇಡಿ. ಇನ್ನೊಮ್ಮೆ ಕೇಳಿ.

ಇಂತು, ನಾಳೆಯಿಂದ ನೀವು ನಂಬಬಾರದವಳು,
ಸುಮೇಧಾ ಕಡಕೋಳ