ಅತ್ತೆಯ ಕೋಣೆಯ ಸದ್ದಿಲ್ಲದ ಡಬ್ಬಿ

ನವೆಂಬರ್ ೮, ಭಾನುವಾರ

ಅತ್ತೆಯ ಮಗನಿಗೆ,

ಹೀಗೆ ಕರೆದದ್ದಕ್ಕೆ ಬೇಸರಪಡಬೇಡ. ‘ಪ್ರಿಯ’ ಎಂದು ಬರೆದರೆ ನಮ್ಮ ವಕೀಲರು ನಗುತ್ತಾರೆ, ‘ಮಾನ್ಯರೇ’ ಎಂದರೆ ನೀರಿನ ಕಚೇರಿಗೆ ದೂರು ಬರೆದಂತಾಗುತ್ತದೆ. ನಮ್ಮಿಬ್ಬರ ನಡುವೆ ತಕರಾರಿಲ್ಲದೆ ಉಳಿದಿರುವ ಸಂಬಂಧ ಸದ್ಯಕ್ಕೆ ಇದೊಂದೇ.

ನಿನ್ನ ಪತ್ರ ತಲುಪಿತು. ಎರಡು ವಿಷಯ ಕೇಳಿದ್ದೀಯ. ಹೊಸ ಮನೆಯಲ್ಲಿ ಅಮ್ಮನಿಗೊಂದು ಕೋಣೆ ಸಿದ್ಧವಾಗಿದೆ, ಯಾವಾಗ ಬಂದು ಕರೆದುಕೊಂಡು ಹೋಗಲಿ ಎಂಬುದು ಒಂದು. ಅಮ್ಮ ಫೋನಿನಲ್ಲಿ ಹೊಗಳುವ ಆ ಸಿನಿಮಾ ಡಬ್ಬಿಯನ್ನು ಹೇಗೆ ಮಾಡಿದೆ, ಇಲ್ಲೂ ಒಂದು ಬೇಕಲ್ಲ ಎಂಬುದು ಇನ್ನೊಂದು. ಎರಡನೆಯದಕ್ಕೆ ಉತ್ತರ ಸುಲಭ. ಅದನ್ನೇ ಮೊದಲು ಬರೆಯುತ್ತೇನೆ.

ನೀನು ಬಿಟ್ಟುಹೋದ ದೊಡ್ಡ ಕಂಪ್ಯೂಟರನ್ನು ಮೊದಲು ಅತ್ತೆಯ ಕೋಣೆಯ ಟಿವಿಗೆ ಜೋಡಿಸಿದ್ದೆ. ಸಿನಿಮಾ, ಹಾಡು, ಹಳೆಯ ಫೋಟೋ ಎಲ್ಲ ಅದರಲ್ಲೇ ಇತ್ತು. ಆದರೆ ಅದರ ಫ್ಯಾನ್ ಅವರಿಗೆ ಆಗಲಿಲ್ಲ. ಅವರ ಕಿವಿಯ ಸ್ಥಿತಿ ನಿನಗೆ ಗೊತ್ತು. ಎದುರಿಗೆ ಕೂತು ಆಡಿದ ಮಾತು ಅರ್ಧ ಕೇಳಿಸುವುದಿಲ್ಲ, ಗುಂಯ್ ಎನ್ನುವ ಸದ್ದು ಮಾತ್ರ ಪೂರ್ತಿ ಕೇಳಿಸುತ್ತದೆ. “ಆಯುಷ್ಯವೆಲ್ಲ ನೂಲಿನ ಮಿಲ್ಲಿನ ಸದ್ದು ಕೇಳಿ ಪಿಂಚಣಿ ತಗೊಂಡೋಳು ಕಣೇ ನಾನು. ಈಗ ಮಂಚದ ಪಕ್ಕಕ್ಕೇ ಮಿಲ್ಲು ತಂದಿಟ್ಟಿದ್ದೀಯಲ್ಲ!” ಎಂದರು. ನಾನು ಅದನ್ನು ಎತ್ತಿ ಹೊರಗಿಟ್ಟೆ.

ನೀನು ಕೊಳ್ಳಬೇಕಾದದ್ದು ಫ್ಯಾನ್ ಇಲ್ಲದ ಸಣ್ಣ ಕಂಪ್ಯೂಟರ್. ದಪ್ಪ ಪುಸ್ತಕದಷ್ಟಿರುತ್ತದೆ. ಮೈಯೆಲ್ಲ ಅಲ್ಯೂಮಿನಿಯಂ. ಒಳಗಿನ ಬಿಸಿ ಆ ಲೋಹದಿಂದಲೇ ಗಾಳಿಗೆ ಹೋಗಬೇಕು, ಆದ್ದರಿಂದ ಅದನ್ನು ಕಪಾಟಿನೊಳಗೆ ತುರುಕಬೇಡ, ಮೇಲೆ ಪತ್ರಿಕೆ ಪೇರಿಸಬೇಡ. ತಿರುಗುವ ಹಾರ್ಡ್ ಡಿಸ್ಕ್ ಬೇಡ, ಅದು ಹಲ್ಲಿಯ ಹಾಗೆ ಲೊಚಗುಡುತ್ತದೆ. ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿ ಹಾಕು. ಎಲ್ಲದರ ಇನ್ನೊಂದು ಪ್ರತಿ ಬೇರೆ ಡಿಸ್ಕಿನಲ್ಲಿರಲಿ, ಆ ಡಿಸ್ಕ್ ಬೇರೆ ಕೋಣೆಯಲ್ಲಿರಲಿ. ಪ್ಲಗ್ಗಿಗೆ ಸಿಕ್ಕಿಸುವ ಮೀಟರಿನಲ್ಲಿ ಅಳೆದು ನೋಡಿದೆ: ನಿನ್ನ ಹಳೆಯದು ಸುಮ್ಮನಿದ್ದಾಗಲೂ ಎಪ್ಪತ್ತು ವ್ಯಾಟ್ ನುಂಗುತ್ತಿತ್ತು, ಇದು ಆರರಲ್ಲಿ ತೃಪ್ತಿಪಡುತ್ತದೆ. ಹಗಲೂ ರಾತ್ರಿ ಉರಿಯುವ ಒಂದು ಪುಟ್ಟ ದೀಪ ಎಂದುಕೋ.

ಅಂಗಡಿಯವನು ಒಂದು ಪ್ರಶ್ನೆ ಕೇಳಿದ. “ಫ್ಯಾನ್ ಇಲ್ದಿರೋದು ಕೇಳ್ಕೊಂಡು ಬರೋರು ಇಬ್ಬರೇ ಮೇಡಂ. ಒಂದು ರೆಕಾರ್ಡಿಂಗ್ ಸ್ಟುಡಿಯೋದವರು, ಇಲ್ಲಾ ಮಗು ಮಲಗಿಸೋರು. ನೀವು ಯಾವ ಕಡೆಯವರು?” ನಾನು ಅತ್ತೆ ಕಡೆಯವಳು ಎಂದೆ. ಅವನಿಗೆ ಅರ್ಥವಾಗಲಿಲ್ಲ, ಆದರೂ ಬೆಲೆ ಸ್ವಲ್ಪ ಇಳಿಸಿದ.

ಜೋಡಿಸಿದ ಮೇಲೆ ಒಂದು ತೊಂದರೆ ಶುರುವಾಯಿತು. ಅಲ್ಲೂ ಆಗಬಹುದು, ಅದಕ್ಕೇ ಬರೆಯುತ್ತಿದ್ದೇನೆ. ದಿನಾ ಸಂಜೆ ನಾನು ಕೆಲಸದಿಂದ ಬರುವ ಹೊತ್ತಿಗೆ ಡಬ್ಬಿ ಆಫ್ ಆಗಿರುತ್ತಿತ್ತು. ಅಡಾಪ್ಟರ್ ಬದಲಿಸಿದೆ. ಬಿಸಿಯಾಗಿ ನಿಲ್ಲುತ್ತಿದೆಯೇನೋ ಎಂದು ಕಿಟಕಿಯ ಹತ್ತಿರ ಸರಿಸಿದೆ. ಅಂಗಡಿಗೆ ಹೊತ್ತುಕೊಂಡು ಹೋದೆ, ಅಲ್ಲಿ ಜಪ್ಪಯ್ಯ ಅಂದರೂ ಆಫ್ ಆಗಲಿಲ್ಲ. ಕೊನೆಗೆ ರಜೆಯ ದಿನ ಮನೆಯಲ್ಲಿದ್ದಾಗ ಕಣ್ಣಾರೆ ಕಂಡೆ. ಅತ್ತೆ ಸ್ನಾನ ಮುಗಿಸಿ ಬಂದರು, ಡಬ್ಬಿಯತ್ತ ಕಿವಿ ವಾಲಿಸಿದರು, ತಲೆ ಅಲ್ಲಾಡಿಸಿದರು, ಗುಂಡಿ ಒತ್ತಿದರು.

ಏನು ಮಾಡ್ತಿದ್ದೀರಿ ಅತ್ತೆ ಎಂದು ಕೇಳಿದೆ. “ದಿನಾ ನಿಂತೋಗಿರುತ್ತೆ ಕಣೇ ಇದು. ನಾನೇ ಶುರು ಮಾಡಿ ಮಾಡಿ ಸಾಕಾಯ್ತು. ನಿನಗೆ ಹೇಳಿದ್ರೆ ಮತ್ತೆ ದುಡ್ಡು ಸುರೀತೀಯ ಅಂತ ಸುಮ್ಮನಿದ್ದೆ” ಎಂದರು. ಮಿಲ್ಲಿನಲ್ಲಿ ಸದ್ದಿಲ್ಲದ ಯಂತ್ರ ಎಂದರೆ ನಿಂತ ಯಂತ್ರ. ಮೇಸ್ತ್ರಿ ನೋಡುವ ಮೊದಲೇ ಓಡಿಹೋಗಿ ಚಾಲೂ ಮಾಡಬೇಕು. ಆ ಕೈಗೆ ನಾನು ಸದ್ದೇ ಇಲ್ಲದ ಯಂತ್ರ ತಂದುಕೊಟ್ಟಿದ್ದೆ!

ಗುಂಡಿ ಕೆಲಸ ಮಾಡದಂತೆ ಸೆಟ್ಟಿಂಗ್ ಬದಲಿಸಬಹುದಿತ್ತು. ಆದರೆ ಒತ್ತಿದರೂ ಏನೂ ಆಗದಿದ್ದರೆ ಅವರು ದಿನವಿಡೀ ಅದರ ಮುಂದೆಯೇ ನಿಲ್ಲುತ್ತಾರೆ. ಅಂಗೈ ಇಟ್ಟು ನೋಡಿ ಎಂದೆ. ಇಟ್ಟರು. “ಅಯ್ಯೋ, ಬೆಚ್ಚಗಿದೆ! ಓಡ್ತಾ ಇದೆ!” ಎಂದರು. ಮಿಲ್ಲಿನಲ್ಲಿ ಯಂತ್ರದ ಬೇರಿಂಗ್ ಕಾದಿದೆಯೋ ಇಲ್ಲವೋ ಎಂದು ಅವರು ಹೀಗೇ ನೋಡುತ್ತಿದ್ದರಂತೆ. ಈಗ ಹೋಗುವಾಗ ಬರುವಾಗ ಅದರ ಮೈ ಮುಟ್ಟುತ್ತಾರೆ, ಗುಂಡಿಗೆ ಕೈ ಹಾಕುವುದಿಲ್ಲ. ನಿನ್ನ ಮನೆಯಲ್ಲೂ ಕೈಗೆಟುಕುವ ಎತ್ತರದಲ್ಲಿಡು.

ಇನ್ನು ಅಕ್ಷರಗಳ ವಿಷಯ. ಮಾತು ಸರಿಯಾಗಿ ಕೇಳಿಸದ ಕಾರಣ ಅತ್ತೆ ಸಿನಿಮಾ ನೋಡುವುದು ಪರದೆಯ ಕೆಳಗೆ ಬರುವ ಮಾತಿನ ಸಾಲು ಓದಿಕೊಂಡು. ಹೊರದೇಶದ ಸಿನಿಮಾಗಳಿಗೆ ನಮ್ಮ ಭಾಷೆಯ ಸಾಲುಗಳು ಸಿಗುವುದಿಲ್ಲ, ಹಾಗಾಗಿ ನಾನೇ ಬರೆಯುತ್ತೇನೆ. ಅವನ್ನು ಚಿತ್ರಕ್ಕೆ ಅಂಟಿಸಬೇಡ, ಪಕ್ಕದಲ್ಲಿ ಬೇರೆ ಫೈಲಾಗಿ ಇಡು. ತಪ್ಪು ಕಂಡರೆ ತಿದ್ದಲು ಸುಲಭ. ಸಿನಿಮಾವೂ ಟಿವಿ ನೇರವಾಗಿ ಓದಬಲ್ಲ ರೂಪದಲ್ಲಿರಲಿ. ಇಲ್ಲದಿದ್ದರೆ ಡಬ್ಬಿ ಪ್ರತಿ ಚಿತ್ರವನ್ನೂ ಹೊಸದಾಗಿ ಬೇಯಿಸಿ ಬಡಿಸಬೇಕು, ಆಗ ಅದು ಬಿಸಿಯೇರುತ್ತದೆ.

ಸಾಲುಗಳು ಚಿಕ್ಕವಾಗಿರಬೇಕು, ಇಲ್ಲದಿದ್ದರೆ ಓದಿ ಮುಗಿಸುವಷ್ಟರಲ್ಲಿ ಮುಂದಿನ ದೃಶ್ಯ ಬಂದಿರುತ್ತದೆ. ಆದರೆ ಚಿಕ್ಕದು ಮಾಡಿದರೆ ಬೈಗುಳ. “ಅವಳು ಕೈ ಕುಣಿಸ್ಕೊಂಡು ಅಷ್ಟುದ್ದ ಬೈದ್ಲು, ನೀನು ಬರೆದಿರೋದು ‘ಹೋಗು’ ಅಂತ. ಉಳಿದ ಬೈಗುಳ ಯಾರು ತಿಂದ್ರು?” ಎಂದು ಕೇಳುತ್ತಾರೆ. ನಾನು ಓದುವ ಅನುವಾದದ ಕಾದಂಬರಿಗಳ ಬಗ್ಗೆಯೂ ಇದೇ ಅನುಮಾನ ನನಗೆ ಮೊದಲಿನಿಂದ ಇತ್ತು, ಯಾರನ್ನು ಕೇಳಬೇಕೆಂದು ಗೊತ್ತಿರಲಿಲ್ಲ. ಈಗ ಆ ಪ್ರಶ್ನೆ ನನ್ನ ಮುಂದೆಯೇ ಬಂದು ನಿಂತಿದೆ. ಕೆಲವು ಬೈಗುಳಗಳನ್ನು ವಾಪಸು ಸೇರಿಸಿದ್ದೇನೆ. ಅತ್ತೆಯಿಂದ ಕಲಿತವು.

ಡಬ್ಬಿಯ ಬಗ್ಗೆ ಇಷ್ಟೇ. ಈಗ ಮೊದಲನೆಯ ಪ್ರಶ್ನೆ.

ವಿಚ್ಛೇದನದ ಕಾಗದಕ್ಕೆ ಸಹಿ ಬಿದ್ದ ಮೇಲೆ ನಾನು ಅವರಿಗೆ ಏನಾಗಬೇಕು ಎಂದು ವಕೀಲರನ್ನು ಕೇಳಿದೆ. ಏನೂ ಆಗಬೇಕಾಗಿಲ್ಲ ಎಂದರು, ಒಳ್ಳೆಯ ಸುದ್ದಿ ಹೇಳುವ ದನಿಯಲ್ಲಿ.

ನಿನ್ನ ಪತ್ರವನ್ನು ಬಂದ ದಿನವೇ ಅತ್ತೆಗೆ ಓದಿ ಹೇಳಿದೆ. ಬಟ್ಟೆ ಮಡಚುತ್ತಿದ್ದರು. “ಕೋಣೆಗೆ ಕಿಟಕಿ ಇದೆಯಂತಾ?” ಎಂದರು. ಇದೆಯಂತೆ ಎಂದೆ. “ಇರ್ಲಿ. ಬೆಳಿಗ್ಗೆ ಎಬ್ಬಿಸೋಕೆ ಯಾರೂ ಇಲ್ಲ ಅವನಿಗೆ, ಅದಕ್ಕೇ ಅಮ್ಮನ ನೆನಪು” ಎಂದು ನಕ್ಕರು. ಆಮೇಲೆ ಪ್ರಯಾಣದ ಚೀಲ ಇಳಿಸಿಕೊಡಲು ಹೇಳಿದರು. ಇಳಿಸಿಕೊಟ್ಟೆ. ಅದರಲ್ಲಿ ಅವರ ಉಣ್ಣೆಯ ಶಾಲು ಇಟ್ಟರು, ಅಷ್ಟೇ. ಅವತ್ತಿನಿಂದ ಚೀಲ ಬಾಯಿ ತೆರೆದುಕೊಂಡು ಮಂಚದ ಪಕ್ಕದಲ್ಲೇ ಇದೆ. ನಾನು ದಿನಾ ಅದರ ಸುತ್ತ ಗುಡಿಸುತ್ತೇನೆ.

ಹೋಗುತ್ತೀರಾ ಎಂದು ಕೇಳಿಲ್ಲ. ಕೇಳಿದರೆ ಇರಿ ಎಂದು ಬೇಡಿದ ಹಾಗಾಗುತ್ತದೆ, ಅವರು ದಾಕ್ಷಿಣ್ಯಕ್ಕೆ ಉಳಿದುಬಿಟ್ಟಾರು. ನಿನಗೆ ಮಾತ್ರ ಹೇಳುತ್ತೇನೆ: ಅವರು ಹೋಗುವುದು ನನಗೆ ಇಷ್ಟವಿಲ್ಲ. ಅವರು ನಿನ್ನನ್ನು ಹೆತ್ತವರು, ನೀನು ಕರೆಯುವುದರಲ್ಲಿ ತಪ್ಪಿಲ್ಲ, ಎಲ್ಲ ಗೊತ್ತು. ಆದರೂ ಇಷ್ಟವಿಲ್ಲ. ಬಾಗಿಲು ತಟ್ಟಿದರೆ ಒಳಗಿನಿಂದ “ಬಂದೆ, ಬಂದೆ, ಮುರೀಬೇಡ!” ಎಂದು ಗದರುವ ಮನೆಗೆ ನಾನು ಒಗ್ಗಿಹೋಗಿದ್ದೇನೆ. ಈ ಕಾರಣ ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ.

ಇಪ್ಪತ್ತೆರಡನೇ ತಾರೀಕು ಭಾನುವಾರ ಬಾ. ಅವರನ್ನೇ ಕೇಳು. ಆ ಹೊತ್ತಿಗೆ ನಾನು ಬಟ್ಟೆ ಒಣಗಹಾಕಲು ತಾರಸಿಗೆ ಹೋಗಿರುತ್ತೇನೆ. ಹೊರಡುತ್ತೇನೆ ಎಂದರೆ ಚೀಲವನ್ನು ನಾನೇ ಕೆಳಗೆ ತಂದುಕೊಡುತ್ತೇನೆ, ನಿನ್ನ ಬೆನ್ನು ನೋವು ನನಗೆ ಮರೆತಿಲ್ಲ.

ಇಂತಿ,
ನಿನ್ನ ಅಮ್ಮನ ಸೊಸೆ

ತಾ.ಕ.: ನೀನು ಡಬ್ಬಿ ಕಟ್ಟುವ ಕಷ್ಟ ತೆಗೆದುಕೊಳ್ಳಬೇಕಾಗಿಲ್ಲ. ನಿನ್ನ ಪತ್ರ ಬಂದ ವಾರವೇ ನಾನು ಇನ್ನೊಂದನ್ನು ಕಟ್ಟಿದ್ದೆ, ಅತ್ತೆ ಹೊರಟರೆ ಕೈಗೆ ಕೊಡೋಣ ಎಂದು. ನಾನು ಸಾಲು ಬರೆದ ಸಿನಿಮಾಗಳೆಲ್ಲ ಅದರಲ್ಲಿವೆ. ಮೇಲಿನಷ್ಟನ್ನು ಬರೆದು ಮುಗಿಸಿ, ಅದನ್ನು ಅವರ ಮಂಚದ ಮೇಲಿಟ್ಟೆ. ಇದು ಯಾರಿಗೆ ಎಂದರು. ನಿಮ್ಮ ಹೊಸ ಕೋಣೆಗೆ, ಇಪ್ಪತ್ತೆರಡನೇ ತಾರೀಕು ಭಾನುವಾರ ನಿಮ್ಮ ಮಗನನ್ನು ಬರಹೇಳಿದ್ದೇನೆ ಎಂದೆ. ತುಂಬ ಹೊತ್ತು ಅದನ್ನು ತಿರುಗಿಸಿ ಮುರುಗಿಸಿ ನೋಡಿದರು. ಆಮೇಲೆ ಚೀಲದಿಂದ ಶಾಲು ತೆಗೆದು ಅದಕ್ಕೆ ಸುತ್ತಿ, ರಟ್ಟಿನ ಪೆಟ್ಟಿಗೆಗೆ ಹಾಕಿ ನನ್ನ ಕೈಗೆ ಕೊಟ್ಟರು. “ಅವನಿಗೆ ಪಾರ್ಸಲ್ ಮಾಡು. ಭಾನುವಾರ ಬರುವಾಗ ಶಾಲು ಮರೀದೆ ತರೋಕೆ ಬರಿ. ಚಳಿ ಶುರುವಾದ್ರೆ ನನಗೆ ಇಲ್ಲಿ ಬೇಕಾಗುತ್ತೆ” ಎಂದರು.