ದೋಣಿಯ ಹಿತ್ತಾಳೆ ಬೆಂಡ್

ಲಿಂಗರಾಜಪುರ
9 ಫೆಬ್ರವರಿ 2025, ಭಾನುವಾರ

ಮಂಜುಳಾಗೆ,

ಹೇಗಿದ್ದೀಯ? ಹೊಲಿಗೆ ಹಾಕಿದ ಜಾಗ ಒಣಗಿತೆ? ನಿನ್ನನ್ನು ಮಗಳು ಯಮುನಾಳ ಮನೆಯಲ್ಲಿ ಬಿಟ್ಟು ಬಂದು ಐದು ವಾರವಾಯಿತು. ಹೊಸಕೋಟೆಯೇನು ಕಾಶಿಯೇ, ಒಂದು ಬಸ್ಸಿನ ದಾರಿ. ಆದರೂ ಬರಲಿಲ್ಲ. ಬೈಯಿ, ಬೈಸಿಕೊಳ್ಳುತ್ತೇನೆ. ಫೋನಿನಲ್ಲಿ ಹೇಳೋಣವೆಂದರೆ ನೀನು ಮಧ್ಯೆ ಬಾಯಿ ಹಾಕುತ್ತೀಯ, ನನಗೆ ಮಾತು ತಪ್ಪುತ್ತದೆ. ಅದಕ್ಕೇ ಕಾಗದ. ಇದನ್ನು ತಂದವನು ಶೌಕತ್, ಶಿವಾಜಿನಗರದ ಇಂಜಿನ್ ಮೆಕ್ಯಾನಿಕ್. ಅವನು ಕೊಡುವ ಗಂಟನ್ನು ಈಗಲೇ ಬಿಚ್ಚಬೇಡ, ಮೊದಲು ಓದು.

ಶೌಕತ್ ನನಗೊಂದು ಕೆಲಸ ಕೊಡಿಸಿದ. ಕೆ.ಆರ್. ಪುರದ ಒಂದು ಶೆಡ್ಡಿನಲ್ಲಿ ನಲವತ್ತು ವರ್ಷದ ಹಳೇ ಬೋಟು ದಿಮ್ಮಿಗಳ ಮೇಲೆ ಕೂತಿದೆ. ಯಾರೋ ಶೋಕಿಗೆ ಗೋವಾದಿಂದ ತರಿಸಿಕೊಂಡಿದ್ದಾರೆ. ಈ ಗುರುವಾರ ಲಾರಿಯ ಮೇಲೆ ಮಲ್ಪೆಗೆ ಸಾಗಿಸಿ ಸಮುದ್ರಕ್ಕೆ ಇಳಿಸುತ್ತಾರಂತೆ. ಅದರ ಕಕ್ಕಸ್ಸಿನ ಪೈಪುಗಳನ್ನೆಲ್ಲ ನಾನು ಬದಲಾಯಿಸಬೇಕು. ಮೂವತ್ತು ವರ್ಷ ಮನೆಮನೆಗೆ ಪೈಪು ಹಾಕಿದವನಿಗೆ ಬೋಟೇನು ಮಹಾ ಎಂದುಕೊಂಡೆ. ಒಳಗೆ ನುಗ್ಗಿದರೆ ಅಬ್ಬಬ್ಬಾ, ಮೊಣಕಾಲು ಗದ್ದಕ್ಕೆ ತಾಗುತ್ತದೆ! ಹಳೇ ಪೈಪನ್ನು ಕೊಯ್ದು ಕುಟ್ಟಿದರೆ ಒಳಗಿಂದ ಕಲ್ಲು ಉದುರಿತು. "ಉಚ್ಚೆ, ಉಪ್ಪುನೀರು ಸೇರಿದ್ರೆ ಹಿಂಗೇ ಕಲ್ಲು ಕಟ್ತದೆ ಭಾಯ್" ಎಂದ ಶೌಕತ್. ನಿನ್ನ ಡಾಕ್ಟರ ಮಾತು ನೆನಪಾಯಿತು. ವರ್ಷಗಟ್ಟಲೆ ನೀರು ಕುಡಿಯದೆ, ಉಚ್ಚೆ ಕಟ್ಟಿಕೊಂಡಿದ್ದಕ್ಕೇ ಕಿಡ್ನಿ ಹೋಯಿತು ಎಂದಿದ್ದರಲ್ಲ.

ಮಧ್ಯಾಹ್ನ ಬೋಟಿನ ಯಜಮಾನ ಬಂದ. ಯಾರು ಗೊತ್ತೇ? ಆನಂದ್. ನಿನ್ನ ಕಾಕ್ಸ್ ಟೌನ್ ಮನೆಯ ಆನಂದ್! ಹನ್ನೊಂದು ವರ್ಷ ನಿನ್ನ ಕೈಯಲ್ಲಿ ಐದು ಕಕ್ಕಸ್ಸು ತೊಳೆಸಿ, ಒಂದರಲ್ಲೂ ಕೂರಲು ಬಿಡದವನು. ತಡೆಯಲಾರದೆ ನೀನು ಬೇಡಿಕೊಂಡಾಗ "ಮನೆಗೆ ಹೋಗಿ ಬನ್ನಿ ಮಂಜುಳಮ್ಮ, ಸಂಬಳ ಏನೂ ಕಟ್ ಮಾಡಲ್ಲ" ಎಂದು ದೊಡ್ಡತನ ತೋರಿಸಿದವನು. ಫ್ಲೈಓವರ್ ದಾಟುವಷ್ಟರಲ್ಲಿ ಸೀರೆ ಒದ್ದೆಯಾಗಿ, ನೀನು ಬಾಗಿಲು ಹಾಕಿಕೊಂಡು ಅತ್ತ ದಿನ ನನಗೆ ಮರೆತಿಲ್ಲ. ನಾನು ನಿನ್ನ ಗಂಡನೆಂದು ಅವನಿಗೇನು ಗೊತ್ತು? ಏಣಿ ಹತ್ತಿ ಬಂದು "ಕೆಲಸದವ್ರು ಯಾರೂ ಇದನ್ನ ಯೂಸ್ ಮಾಡ್ಬಾರ್ದು, ಆಯ್ತಾ?" ಎಂದ. ನನ್ನ ಮೈಯೆಲ್ಲ ಉರಿದುಹೋಯಿತು.

ಈಗ ಕೇಳು. ಬೋಟಿನ ಕಕ್ಕಸ್ಸಿಗೆ ಸಮುದ್ರದ ನೀರೇ ಬರುವುದು. ಆ ಪೈಪನ್ನು ಎತ್ತರಕ್ಕೆ ಒಯ್ದು, ಗಾಳಿ ಆಡುವಂಥ ಒಂದು ಹಿತ್ತಾಳೆ ಬೆಂಡ್, ಅಂದರೆ ಬಾಗಿದ ಕೊಳವೆಯ ತುಂಡು, ಕೂರಿಸಿ ಇಳಿಸಬೇಕು. ಅದಿಲ್ಲದಿದ್ದರೆ ನೀರು ತಾನಾಗಿ ಒಳಗೆ ನುಗ್ಗಿ, ಬೇಸಿನ್ ತುಂಬಿ ಹರಿದು, ಬೋಟೇ ಮುಳುಗುತ್ತದೆ. ಪೈಪೆಲ್ಲ ಹೊಸದು ಹಾಕಿದೆ. ಬೆಂಡ್ ಮಾತ್ರ ಹಳೆಯದೇ, ಆ ಅಳತೆಯದು ಈಗ ಎಲ್ಲೂ ಸಿಗುವುದಿಲ್ಲ. ಅದನ್ನು ತೊಳೆದು ಜೇಬಿಗೆ ಇಳಿಸಿದೆ. ಅದರ ಜಾಗಕ್ಕೆ ಸಾದಾ ಪೈಪು ಸಿಕ್ಕಿಸಿ, ಮೇಲೆ ಹಲಗೆ ಹೊಡೆದರೆ ಯಾರಿಗೆ ತಿಳಿಯುತ್ತದೆ? ಮುಳುಗಲಿ ನನ್ಮಗ ಎಂದುಕೊಂಡು ಎರಡು ದಿನ ಹೊಟ್ಟೆ ತುಂಬ ಉಂಡೆ.

ಆಮೇಲೆ ಅನ್ನಿಸಿತು, ಯಾಕೆ ಮುಳುಗಿದೆ ಅಂತ ಅವನಿಗೆ ಗೊತ್ತೇ ಆಗದಿದ್ದರೆ ಅದೆಂಥ ಸೇಡು? ನಿನ್ನೆ ಎದುರಿಗೇ ಹೇಳಿದೆ.

"ಸಾರ್, ಒಂದು ಪಾರ್ಟು ನನ್ನ ಹೆಂಡ್ತಿ ಹತ್ರ ಕಳಿಸ್ತಿದೀನಿ. ಅದಿಲ್ದೆ ಬೋಟು ಇಳಿಸಿದ್ರೆ ಮುಳುಗ್ತೀರ. ಹೋಗಿ ಕೇಳಿ ಇಸ್ಕೊಳ್ಳಿ."

"ಯಾರ್ರೀ ನಿಮ್ಮ ಹೆಂಡ್ತಿ?"

"ಮಂಜುಳಮ್ಮ. ಹನ್ನೊಂದು ವರ್ಷ ನಿಮ್ಮನೇಲಿ ದುಡಿದ್ಲು. ಈಗ ಒಂದೇ ಕಿಡ್ನಿ."

ಮುಖ ಬಿಳಚಿಕೊಂಡಿತು. ಪೊಲೀಸರನ್ನು ಕರೆಸುತ್ತೇನೆ ಎಂದ. "ಕರೀರಿ, ಅವ್ರಿಗೂ ಇದನ್ನೇ ಹೇಳ್ತೀನಿ" ಎಂದೆ. ಕೊನೆಗೆ ದನಿ ತಗ್ಗಿಸಿ, "ನಂದೇನ್ರೀ ತಪ್ಪು? ಹಿಂದ್ಗಡೆ ಕೆಲಸದವ್ರಿಗೆ ಅಂತ ಒಂದು ಟಾಯ್ಲೆಟ್ ಇತ್ತು. ನಮ್ಮಪ್ಪನ ಕಾಲದಲ್ಲೇ ಯಾರೋ ಮುಚ್ಚಿಬಿಟ್ರು" ಎಂದ. ನಾನು ಜೇಬಿನಿಂದ ಪೆನ್ನು ತೆಗೆದೆ. ಯಮುನಾ ಮನೆಯ ವಿಳಾಸ ಬರೆದುಕೊಟ್ಟೆ.

ಗಂಟಿನಲ್ಲಿರುವುದು ಆ ಬೆಂಡ್. ಬುಧವಾರದೊಳಗೆ ಅವನು ಬಂದೇ ಬರುತ್ತಾನೆ. ಒಳಗೆ ಕರೆಯಬೇಡ, ಬಾಗಿಲಲ್ಲೇ ನಿಲ್ಲಿಸು. ಬಿಸಿಲಿಗೆ ಬಾಯಾರಿರುತ್ತದೆ, ಚೊಂಬುಗಟ್ಟಲೆ ನೀರು ಕೊಡು, ಮೇಲೆ ಕಾಫಿ ಕೊಡು. ಟಾಯ್ಲೆಟ್ ಎಲ್ಲಿ ಎಂದು ಕೇಳಿದರೆ, "ಮನೆಗೆ ಹೋಗಿ ಬನ್ನಿ ಸಾರ್" ಅನ್ನು. ಕೈಮುಗಿದು ತಪ್ಪಾಯಿತು ಎಂದರೆ ಕೊಡುವುದು ಬಿಡುವುದು ನಿನ್ನಿಷ್ಟ. ಕೊಡಲು ಮನಸ್ಸಾಗದಿದ್ದರೆ ಬೋಟು ಶೆಡ್ಡಿನಲ್ಲೇ ಕೊಳೆಯಲಿ.

ಮಾತ್ರೆ ತಪ್ಪಿಸಬೇಡ. ಯಮುನಾಗೂ ಅಳಿಯನಿಗೂ ನನ್ನ ಆಶೀರ್ವಾದ ಹೇಳು. ನೀನು ನೂರು ವರ್ಷ ಬಾಳಬೇಕು.

ನಿನ್ನ
ಮುನಿರಾಜಪ್ಪ

ಇನ್ನೊಂದು ಮಾತು: ಮೇಲೆ ಬರೆಯಲು ಮರೆತೆ ಎಂದರೆ ಸುಳ್ಳಾಗುತ್ತದೆ. ಹಿಂದುಗಡೆಯ ಆ ಕಕ್ಕಸ್ಸನ್ನು ಮುಚ್ಚಿದ 'ಯಾರೋ' ಅಂದರೆ ನಾನೇ. ನೀನು ಆ ಮನೆಗೆ ಕೆಲಸಕ್ಕೆ ಸೇರುವ ಎರಡು ವರ್ಷ ಮುಂಚೆ ಒಬ್ಬ ಕಂಟ್ರಾಕ್ಟರ್ ಕೈಕೆಳಗೆ ಅಲ್ಲಿಗೆ ಹೋಗಿದ್ದೆ. ಆ ಜಾಗದಲ್ಲಿ ಸ್ಟೋರ್ ರೂಮ್ ಮಾಡಬೇಕಿತ್ತು. "ಇದು ಯಾರಿಗಾದ್ರೂ ಬೇಕಾಗುತ್ತೇನಪ್ಪ?" ಎಂದು ಆನಂದನ ತಂದೆ ನನ್ನನ್ನೇ ಕೇಳಿದರು. "ಕೆಲಸದವ್ರು ಹೆಂಗೋ ನೋಡ್ಕೋತಾರೆ ಬಿಡಿ ಸಾರ್" ಎಂದು ಹೇಳಿ, ಈ ಕೈಯಿಂದಲೇ ಪೈಪಿನ ಬಾಯಿಗೆ ಸಿಮೆಂಟು ತುಂಬಿದೆ. ಸೀರೆ ಒದ್ದೆಯಾಗಿ ನೀನು ಅತ್ತ ದಿನವೂ ಬಾಯಿ ಬಿಡಲಿಲ್ಲ. ಐದು ವಾರ ನಿನ್ನ ಮುಖ ನೋಡಲು ಬರದಿದ್ದುದು ಇದಕ್ಕೇ. ಗುರುವಾರ ಬರುತ್ತೇನೆ. ನನ್ನನ್ನೂ ಬಾಗಿಲಲ್ಲೇ ನಿಲ್ಲಿಸಿ ನೀರು ಕೊಡು.